ಕಾಗದದಲ್ಲಿ ಬೆಳೆದ ಮಗು

ಹೊಗೆಯಲ್ಲಿ ಒಣಗಿಸಿದ ಸಣ್ಣ ಮೀನಿನ ವಾಸನೆ ಬಂದರೆ ಫಿಲೋಮೆನಾಳಿಗೆ ಈಗಲೂ ಹಸಿವಾಗುವುದಿಲ್ಲ, ನಾಚಿಕೆಯಾಗುತ್ತದೆ. ಅವಳಿಗೆ ಆರೋ ಏಳೋ ವರ್ಷವಿದ್ದಾಗ ಅಮ್ಮ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಆ ಮೀನನ್ನು ತಲೆ ಬಾಲ ಸಮೇತ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಆ ಪುಡಿಯನ್ನು ಕಡಲೆಕಾಯಿಯ ಸಾರಿಗೆ ಬೆರೆಸಿ, ಬಾಳೆಎಲೆಯಲ್ಲಿ ಕಟ್ಟಿ ಬೇಯಿಸಿ, ತಮ್ಮ ಲುಬೋವನ ಬಾಯಿಗೆ ಬೆರಳಿನಿಂದ ಇಡುತ್ತಿದ್ದಳು. ಉಳಿದ ಮಕ್ಕಳಿಗೆ ವಾಸನೆ ಮಾತ್ರ. ಲುಬೋವ ಎರಡು ತುತ್ತು ತಿಂದು, ಬೆಟ್ಟ ಹತ್ತಿದವನ ಹಾಗೆ ಏದುಸಿರು ಬಿಡುತ್ತ ಮುಖ ತಿರುಗಿಸಿಬಿಡುತ್ತಿದ್ದ. ಶನಿವಾರ ಹಲಸಿನ ಮರದ ಕೊಂಬೆಗೆ ತಕ್ಕಡಿ ತೂಗುಹಾಕಿ, ಬಟ್ಟೆಯ ಚಡ್ಡಿಯಲ್ಲಿ ಮಕ್ಕಳನ್ನು ಇಳಿಬಿಟ್ಟು ತೂಗುವ ನರ್ಸಮ್ಮ ಬರುತ್ತಿದ್ದಳು. ಮೊಳಕಾಲವರೆಗೆ ಬಿಳಿ ಕಾಲುಚೀಲ, ಬಾಯಲ್ಲಿ ಪೆನ್ಸಿಲು. ಅವಳು ಲುಬೋವನ ತೋಳನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, ಸುತ್ತ ಕುಳಿತ ಹೆಂಗಸರಿಗೆಲ್ಲ ಕಾಣುವಂತೆ ತಿರುಗಿಸಿ, "ನೋಡ್ರೇ, ಸೋಮಾರಿ ತಾಯಿ ಮಕ್ಕಳನ್ನ ಹೇಗೆ ಸಾಕ್ತಾಳೆ ಅಂತ," ಎಂದಿದ್ದಳು. ಹೆಂಗಸರು ನಕ್ಕರು. ಕೆಟ್ಟವರೇನಲ್ಲ, ತಮ್ಮ ಮಗುವಲ್ಲವಲ್ಲ ಎಂಬ ಸಮಾಧಾನಕ್ಕೆ ನಕ್ಕರು. ಅಮ್ಮನೂ ನಕ್ಕಳು. ಅವಳ ಕೈಯಿಂದ ಮೀನಿನ ವಾಸನೆ ಬರುತ್ತಿತ್ತು. ಅದನ್ನು ಮೂಸಿ ನೋಡುವಷ್ಟು ಹತ್ತಿರ ಆ ನರ್ಸಮ್ಮ ಬರಲೇ ಇಲ್ಲ.

ತಕ್ಕಡಿಯ ಮುಳ್ಳು ನಡುಗಿ ನಿಂತಿತು. ಒಂಬತ್ತು ಕಿಲೋ ಮುನ್ನೂರು ಗ್ರಾಂ.

ಇದು ಹಲಸಿನ ಮರವಲ್ಲ, ಗುಡ್ಡದ ಮೇಲಿನ ಆಸ್ಪತ್ರೆಯ ಹೊರರೋಗಿಗಳ ಕೋಣೆ. ಈಗ ತೂಗಿ ಬರೆಯುವವಳು ಅರವತ್ತು ದಾಟಿದ ಫಿಲೋಮೆನಾ. ತಕ್ಕಡಿಯಲ್ಲಿ ಕೂತವಳು ನಾಲ್ಕು ವರ್ಷದ ನಸ್ಸಾಲಿ. ಪಕ್ಕದಲ್ಲಿ ನಿಂತವಳು ಅವಳ ತಾಯಿ ನಕಿಯಿಂಗಿ. ಸರೋವರದ ದಡದಿಂದ ಬೆಳಿಗ್ಗೆ ಬಾಡಿಗೆ ಬೈಕಿನಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬಂದು, ಬಂದ ಕೂಡಲೇ ಪದ್ಧತಿಯಂತೆ ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ ಫಿಲೋಮೆನಾಳಿಗೆ ನಮಸ್ಕಾರ ಹೇಳಿದವಳು. ತಿಂಗಳ ಕೊನೆಯ ಗುರುವಾರ ರಾಜಧಾನಿ ಕಂಪಾಲಾದಿಂದ ಹೃದಯ ನೋಡುವ ಯಂತ್ರ ವ್ಯಾನಿನಲ್ಲಿ ಬರುತ್ತದೆ. ಯಂತ್ರದ ಜೊತೆ ಡಾಕ್ಟರ್ ಸ್ಸೆಂಬಾತ್ಯ ಬರುತ್ತಾರೆ, ಅಥವಾ ಡಾಕ್ಟರ ಜೊತೆ ಯಂತ್ರ ಬರುತ್ತದೆ; ಇಬ್ಬರಲ್ಲಿ ಯಾರು ಯಾರನ್ನು ಕರೆತರುತ್ತಾರೆಂದು ಹೇಳುವುದು ಕಷ್ಟ. ಯಂತ್ರಕ್ಕೆ ಹತ್ತಿಯ ಹೊದಿಕೆ ಹೊದಿಸುತ್ತಾರೆ. ಮಕ್ಕಳನ್ನು ಬರಿಮೈಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ.

"ಎಷ್ಟಾಯ್ತು, ಜಾಜ್ಜ?" ನಕಿಯಿಂಗಿ ಕೇಳಿದಳು. ಇಲ್ಲಿ ಎಲ್ಲರೂ ಫಿಲೋಮೆನಾಳನ್ನು ಅಜ್ಜಿ ಎಂದೇ ಕರೆಯುವುದು, ಜಾಜ್ಜ ಎಂದು. "ಈ ಸಲ ಹದಿಮೂರು ದಾಟಿರ್ಬೇಕು ಅಲ್ವಾ? ಮೊಟ್ಟೆ ಕೊಟ್ಟಿದೀನಿ. ದಿನಕ್ಕೊಂದು. ನಾನು ಮುಟ್ಟಿಲ್ಲ, ಅವರಪ್ಪನಿಗೂ ಮುಟ್ಟಕ್ಕೆ ಬಿಟ್ಟಿಲ್ಲ."

ಫಿಲೋಮೆನಾ ಮಗುವಿನ ತೂಕದ ಕಾರ್ಡನ್ನು ಬಿಚ್ಚಿದಳು. ಕಾರ್ಡಿನಲ್ಲಿ ನಸ್ಸಾಲಿ ಚೆನ್ನಾಗಿ ಬೆಳೆದಿದ್ದಳು. ಮೊದಲ ಭೇಟಿಯಲ್ಲಿ ಹತ್ತು ಕಿಲೋ ಇನ್ನೂರು, ಎರಡನೆಯದರಲ್ಲಿ ಹನ್ನೊಂದು, ಮೂರನೆಯದರಲ್ಲಿ ಹನ್ನೊಂದು ಎಂಟುನೂರು. ಚುಕ್ಕೆಗಳನ್ನು ಕೂಡಿಸಿದ ಗೆರೆ, ಹಳದಿ ಪಟ್ಟಿಯೊಳಗೆ, ಶಾಲೆಗೆ ಹೊರಟ ಹುಡುಗಿಯಂತೆ ಮೇಲಕ್ಕೆ ಹತ್ತಿತ್ತು. ಅಕ್ಷರ ದುಂಡಾಗಿತ್ತು. ಎಲ್ಲವೂ ಅವಳದೇ ಕೈಬರಹ. ಮತ್ತು ಎಲ್ಲವೂ ಸುಳ್ಳು.

ಮೊದಲ ದಿನ ಮುಳ್ಳು ತೋರಿಸಿದ್ದು ಒಂಬತ್ತು ನಾನೂರು. ಬರೆದರೆ ಚುಕ್ಕೆ ಕೆಂಪು ಪಟ್ಟಿಗೆ ಬೀಳುತ್ತಿತ್ತು. ಚುಕ್ಕೆ ಕೆಂಪಿಗೆ ಬಿದ್ದರೆ ತಾಯಿ ಕೆಂಪು ಬೆಂಚಿಗೆ. ಆಹಾರದ ಸಲಹೆ ಕೊಡುವ ಮಿಸ್ ಕೆಂಬಾಬಾಜಿ ಬಾಗಿಲ ಎದುರಿಗೇ ಒಂದು ಬೆಂಚಿಗೆ ಕೆಂಪು ಬಣ್ಣ ಬಳಿಸಿ ಇಟ್ಟಿದ್ದಾಳೆ, ಔಷಧಿಗೆ ಬಂದವರಿಗೂ ಗಾಯಕ್ಕೆ ಬಂದವರಿಗೂ ಚೆನ್ನಾಗಿ ಕಾಣಲಿ ಎಂದು. ಅವಳ ಬುಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ಮೊಟ್ಟೆ, ಪ್ಲಾಸ್ಟಿಕ್ಕಿನ ಕೋಸು, ಯಾವ ನೀರಿನಲ್ಲೂ ಹುಟ್ಟದ ನೀಲಿ ಪ್ಲಾಸ್ಟಿಕ್ಕಿನ ಮೀನು ಇವೆ. ತಾಯಂದಿರು ಒಬ್ಬೊಬ್ಬರಾಗಿ ಎದ್ದು ಮೊಟ್ಟೆಯನ್ನು ಎತ್ತಿಹಿಡಿದು, "ಇದು ಮೈ ಕಟ್ಟುವ ಆಹಾರ," ಎಂದು ಗಟ್ಟಿಯಾಗಿ ಹೇಳಬೇಕು. ಮೆಲ್ಲಗೆ ಹೇಳಿದರೆ ಮತ್ತೊಮ್ಮೆ. ಮೀನು ಹಿಡಿಯುವವನ ಹೆಂಡತಿಗೆ ಮೀನು ಆಹಾರವೆಂದು ಕಲಿಸಲು ಪಶ್ಚಿಮದ ದನ ಸಾಕುವ ಸೀಮೆಯಿಂದ ಒಬ್ಬಳು ಡಿಪ್ಲೊಮಾ ತೆಗೆದುಕೊಂಡು ಬರಬೇಕಾಯಿತು. ಫಿಲೋಮೆನಾಳಿಗೆ ಅವಳನ್ನು ಕಂಡರೆ ಹಲ್ಲಿಗೆ ಮರಳು ಸಿಕ್ಕಿದಂತಾಗುತ್ತಿತ್ತು. ಆ ಮಡಿಸಿಟ್ಟ ಅಂಗಿ, ಕೈಚೀಲದ ಬಾಯಿಗೆ ಹಾಕಿದ ಪಿನ್ನು, ಯಾರ ಜೊತೆಗೂ ಕೂತು ಉಣ್ಣದ ಬಿಗುಮಾನ. ಹಾಗಾಗಿ ಆ ದಿನ ನಕಿಯಿಂಗಿಯ ಎಳೆಯ ಮುಖವನ್ನು ನೋಡಿ, ಒರಳಿನ ಸದ್ದು ಕಿವಿಗೆ ಬಂದು, ಫಿಲೋಮೆನಾ ಹತ್ತು ಇನ್ನೂರು ಎಂದು ಬರೆದಳು. ಎಂಟುನೂರು ಗ್ರಾಂ. ಒಂದು ಪೊಟ್ಟಣ ಸಕ್ಕರೆಯಷ್ಟೂ ಇಲ್ಲದ ದಯೆ. ಎರಡನೆಯ ಸಲ ಮಗು ಏರಿದ್ದು ಇನ್ನೂರೇ ಗ್ರಾಂ. ಆದರೆ ಕಾಗದದ ಮಗು ಹಿಂದಕ್ಕೆ ಹೋಗುವಂತಿಲ್ಲವಲ್ಲ. ಅದಕ್ಕೂ ಉಣ್ಣಿಸಿದಳು. ಮೂರನೆಯ ಸಲ ಮತ್ತೆ. ಒಂದು ಮಗುವನ್ನು ಪೆನ್ಸಿಲಿನಿಂದ ಸಾಕುವುದು ಎಷ್ಟು ಸುಲಭ! ಅದು ಅಳುವುದಿಲ್ಲ, ಏದುಸಿರು ಬಿಡುವುದಿಲ್ಲ.

ಊರಲ್ಲಿ ಅವಳಿಗೆ ಒಳ್ಳೆಯ ಹೆಸರು. ಜಾಜ್ಜ ಯಾರನ್ನೂ ಬೈಯುವುದಿಲ್ಲ, ತಕ್ಕಡಿಯ ತಣ್ಣನೆ ತಟ್ಟೆಯ ಮೇಲೆ ಮೊದಲು ಬಟ್ಟೆ ಹಾಸುತ್ತಾಳೆ, ಮಗು ಉಚ್ಚೆ ಹೊಯ್ದರೆ ತಾನೇ ಒರೆಸುತ್ತಾಳೆ. ಭಾನುವಾರ ಚರ್ಚಿನಲ್ಲಿ ಹೆಂಗಸರು ಅವಳಿಗೆ ಜಾಗ ಬಿಟ್ಟು ಸರಿಯುತ್ತಾರೆ. ಆ ಜಾಗ ಅವಳಿಗೆ ಹಿತವಾಗಿತ್ತು. ಹೋದ ತಿಂಗಳವರೆಗೂ ಹಿತವಾಗಿತ್ತು.

ಹೋದ ತಿಂಗಳು ಡಾಕ್ಟರ್ ಸ್ಸೆಂಬಾತ್ಯ ಇಬ್ಬರು ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಫಿಲೋಮೆನಾ ಅದೇ ಮೇಜಿನ ತುದಿಯಲ್ಲಿ ಪೆನ್ಸಿಲು ಹೆರೆಯುತ್ತ ಕೂತಿದ್ದಳು. ಮೇಜಿನ ಕಾಲು ಕೇಳಿಸಿಕೊಳ್ಳುತ್ತದೆಂದು ಯಾರಾದರೂ ಧ್ವನಿ ತಗ್ಗಿಸುತ್ತಾರೆಯೇ? "ಹೃದಯ ದೊಡ್ಡದಾಗಿದೆ ಅಂತ ಹೇಗೆ ಹೇಳ್ತೀರಿ?" ಎಂದು ಡಾಕ್ಟರು ಹುಡುಗರನ್ನು ಕೇಳಿದರು. "ಮಿಲಿಮೀಟರ್ ನೋಡಿ," ಎಂದ ಒಬ್ಬ. "ದಡ್ಡ! ಯಾರ ಹೃದಯ? ನಿನ್ನದಾ, ಕೂಸಿನದಾ? ಮೂವತ್ತೈದು ಮಿಲಿಮೀಟರ್ ನಿಂಗೆ ಏನೂ ಅಲ್ಲ. ಹದಿಮೂರು ಕಿಲೋ ಮಗೂಗೆ ಪರವಾಗಿಲ್ಲ. ಒಂಬತ್ತು ಕಿಲೋ ಮಗೂಗೆ ಅಪಾಯ. ಮೈಯಳತೆ ಮೊದಲು, ಆಮೇಲೆ ಹೃದಯ. ತೂಕ ತಪ್ಪಾಯ್ತೋ, ಈ ಯಂತ್ರ ಕುರುಡು." ಆಮೇಲೆ ಹೇಳಿದರು: ಹೃದಯದ ಗೋಡೆಯಲ್ಲಿ ತೂತಿರುವ ಮಗು ತಿಂದದ್ದನ್ನೆಲ್ಲ ಉಸಿರಾಡುವುದಕ್ಕೇ ಖರ್ಚು ಮಾಡುತ್ತದೆ, ತಿನ್ನಲೂ ದಣಿಯುತ್ತದೆ, ತೂಕ ಏರುತ್ತಿದ್ದರೆ ತೂತು ತಾನೇ ಮುಚ್ಚುವವರೆಗೆ ಕಾಯಬಹುದು, ಏರದಿದ್ದರೆ ಕಾಯಬಾರದು. ಫಿಲೋಮೆನಾ ಕೈ ನೋಡಿಕೊಂಡಾಗ ಪೆನ್ಸಿಲು ಬೆರಳಿನಷ್ಟೂ ಉಳಿದಿರಲಿಲ್ಲ. ನಸ್ಸಾಲಿಯ ಕಾರ್ಡಿನ ಮೇಲೆ ಮೂರು ಸಲವೂ ಡಾಕ್ಟರ ಕೈಯಲ್ಲಿ ಒಂದೇ ಮಾತು ಬರೆದಿತ್ತು: ತೂತು ಇದೆ, ಹೃದಯದ ಗಾತ್ರ ಮೈಗೆ ತಕ್ಕಂತಿದೆ, ಚೆನ್ನಾಗಿ ಬೆಳೆಯುತ್ತಿದ್ದಾಳೆ, ಕಾಯೋಣ.

"ಜಾಜ್ಜ, ಮಲಗಿಬಿಟ್ರಾ?" ಸಾಲಿನಿಂದ ಒಬ್ಬ ದಪ್ಪ ಹೆಂಗಸು ಕೂಗಿದಳು. "ಆ ಕಡ್ಡೀನ ಇಳಿಸಿ, ನನ್ನ ಗುಂಡನ್ನ ಕೂರಿಸಿ. ತಕ್ಕಡಿಗೂ ಸ್ವಲ್ಪ ಕೆಲಸ ಸಿಗ್ಲಿ!"

ಜನ ನಕ್ಕರು. ನಕಿಯಿಂಗಿಯೂ ನಕ್ಕಳು. ಅದೇ ನಗು.

ಹನ್ನೆರಡೂವರೆ ಎಂದು ಬರೆದರೆ ಇಂದು ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಾರೆ. ಮಗು ಮಾತ್ರ ಇನ್ನೊಂದು ವರ್ಷ ಕಾಯುತ್ತದೆ, ಅಷ್ಟು ಆಯುಸ್ಸು ಅದಕ್ಕೆ ಇದ್ದರೆ. ಫಿಲೋಮೆನಾ ಒಂಬತ್ತು ಮುನ್ನೂರು ಎಂದು ಬರೆದಳು. ಬರೆದ ಕೂಡಲೇ ತಾನು ಏನೋ ಮಹಾಕಾರ್ಯ ಮಾಡಿದಂತೆ ಎದೆ ಹಗುರಾಯಿತು. ಅಷ್ಟರ ಮಟ್ಟಿಗೆ ಮೂರ್ಖಳು ಅವಳು. ನಿಜವನ್ನು ಬರೆದುಬಿಟ್ಟರೆ ಅದು ತಾನೇ ನಡೆದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ ಎಂದುಕೊಂಡಳು.

ಅದು ಹೋದದ್ದು ಮಿಸ್ ಕೆಂಬಾಬಾಜಿಯ ಕೈಗೆ. ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ಚುಕ್ಕೆ ಕೆಂಪು ಪಟ್ಟಿಯನ್ನೂ ದಾಟಿ, ಕಾಗದದ ಅಂಚಿನ ಹತ್ತಿರ ಬಾವಿಗೆ ಬಿದ್ದಂತೆ ಬಿದ್ದಿತ್ತು.

"ನಾಲ್ಕು ತಿಂಗಳಲ್ಲಿ ಎರಡೂವರೆ ಕಿಲೋ ಇಳಿಸಿದೀಯಲ್ಲಮ್ಮ, ನ್ಯಾಬೊ! ಏನು ಮಾಡ್ದೆ ಮಗೂನ? ಎಲ್ಲಿ ಬಿಟ್ಟು ಹೋಗಿದ್ದೆ?"

"ಎಲ್ಲೂ ಬಿಟ್ಟಿಲ್ಲ, ಮುಸಾವೊ. ನನ್ನ ಬೆನ್ನ ಮೇಲೇ ಇತ್ತು." ಆಸ್ಪತ್ರೆಯಲ್ಲಿ ಕೆಲಸ ಮಾಡುವವರೆಲ್ಲ ನಕಿಯಿಂಗಿಗೆ ಮುಸಾವೊ, ಡಾಕ್ಟರೇ.

"ಬೆನ್ನ ಮೇಲೆ ಇಟ್ಕೊಂಡ್ರೆ ಹೊಟ್ಟೆ ತುಂಬುತ್ತಾ? ಹೊಟ್ಟೇಲಿ ಇನ್ನೊಂದಿದೆಯಾ? ಇಲ್ವಾ? ಹಾಗಾದ್ರೆ ಗಂಡ ಇನ್ನೊಬ್ಬಳನ್ನ ತಂದನಾ? ಸತ್ಯ ಹೇಳು. ಕೂತ್ಕೊ ಅಲ್ಲಿ."

ನಕಿಯಿಂಗಿ ಕೆಂಪು ಬೆಂಚಿನ ಮೇಲೆ ಕೂತಳು. ಒಬ್ಬಳೇ. ದಪ್ಪ ಹೆಂಗಸು ತನ್ನ ಗುಂಡನನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸಿ, "ನನಗಾಗಲೇ ಅನ್ನಿಸಿತ್ತು," ಎಂದಳು, ಯಾರಿಗೂ ಅಲ್ಲ, ಎಲ್ಲರಿಗೂ. ಪ್ಲಾಸ್ಟಿಕ್ಕಿನ ಮೊಟ್ಟೆ ಕೈಗೆ ಬಂತು. ನಕಿಯಿಂಗಿ ಅದನ್ನು ಎತ್ತಿಹಿಡಿದು, "ಇದು ಮೈ ಕಟ್ಟುವ ಆಹಾರ," ಎಂದಳು. ಮೆಲ್ಲಗೆ ಹೇಳಿದಳು. ಮತ್ತೊಮ್ಮೆ ಹೇಳಬೇಕಾಯಿತು.

ಫಿಲೋಮೆನಾ ಮುಂದಿನ ಮಗುವನ್ನು ತೂಗಿದಳು. ಅದರ ಮುಂದಿನದನ್ನು ತೂಗಿದಳು. ಬಟ್ಟೆ ಹಾಸಿದಳು, ಬಟ್ಟೆ ಕೊಡವಿದಳು. ಗುಂಡ ಹದಿನೇಳು ಕಿಲೋ ಇದ್ದ. ಅವಳು ಎದ್ದು ಹೋಗಿ ಹೇಳಬಹುದಿತ್ತು; ಬೆಂಚಿಗೂ ತಕ್ಕಡಿಗೂ ಹತ್ತು ಹೆಜ್ಜೆ. ಸಂಜೆ ಡಾಕ್ಟರು ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದು ಒಳಗೆ ಒಂದು ದನಿ ಹೇಳಿತು, ಬಹಳ ಮೃದುವಾದ ದನಿ, ಅವಳದೇ ದನಿ, ಹೆದರಿದ ಮಕ್ಕಳಿಗೆ ಅವಳು ಹೇಳುವ 'ಏನೂ ಆಗಲ್ಲ ಕಂದ' ಎಂಬ ದನಿ. ಆ ಮೃದುತ್ವದ ಮೇಲೆ ಅವಳಿಗೆ ಒಮ್ಮೆಲೇ ತಿರಸ್ಕಾರ ಬಂತು. ಬಿಳಿ ಕಾಲುಚೀಲದ ನರ್ಸಮ್ಮ ಕಡೇಪಕ್ಷ ಸರಿಯಾದ ತೂಕವನ್ನಾದರೂ ಬರೆದುಕೊಂಡಿದ್ದಳು. ಲುಬೋವ ಮರುವರ್ಷ ಜೋಳ ಕೊಯ್ಯುವ ಹೊತ್ತಿಗೆ ಸತ್ತ. ಮಗು ಮೊಲೆ ಬಿಡುವ ಮೊದಲೇ ತಾಯಿ ಗಂಡನ ಹತ್ತಿರ ಹೋದಳು, ಆ ದೋಷವೇ ಮಗುವಿಗೆ ತಗುಲಿತು ಎಂದು ಅತ್ತೆಯಂದಿರು ಮಾತಾಡಿಕೊಂಡರು. ಅವನ ಎದೆಗೆ ಯಾರೂ ಕಿವಿಯಿಟ್ಟು ಕೇಳಲಿಲ್ಲ. ಐವತ್ತೇಳು ವರ್ಷ ಫಿಲೋಮೆನಾ ಆ ನರ್ಸಮ್ಮನನ್ನು ಮನಸ್ಸಿನಲ್ಲೇ ತುಚ್ಛವಾಗಿ ಕಂಡಿದ್ದಳು, ಆ ತುಚ್ಛತೆಯ ಮೇಲೆ ಒಂದು ಇಡೀ ಬದುಕನ್ನು ಕಟ್ಟಿದ್ದಳು.

ಒಳಕೋಣೆಯಿಂದ ಡಾಕ್ಟರ ದನಿ ಕೇಳಿಸಿತು. "ನಸ್ಸಾಲಿ! ಯಾರ ಮಗು?"

ಕೆಂಬಾಬಾಜಿ ತಾಯಿಯನ್ನೂ ಮಗುವನ್ನೂ ಒಳಗೆ ಬಿಟ್ಟಳು, ಕಾರ್ಡನ್ನು ಮೇಜಿನ ಮೇಲಿಟ್ಟು ಬಾಗಿಲಲ್ಲಿ ನಿಂತಳು. ಫಿಲೋಮೆನಾ ತಕ್ಕಡಿಯನ್ನು ಬಿಟ್ಟು ಎದ್ದಳು. ದಪ್ಪ ಹೆಂಗಸಿನ ನಂತರದವಳು, "ಅಯ್ಯೋ ಜಾಜ್ಜ, ನನ್ನ ಸರದಿ!" ಎಂದಳು.

ಕೋಣೆಯಲ್ಲಿ ಕತ್ತಲೆ, ಕಿಟಕಿಗೆ ಪರದೆ ಎಳೆದಿತ್ತು. ನಸ್ಸಾಲಿ ಹಾಸಿಗೆಯ ಮೇಲೆ ಮಲಗಿದ್ದಳು. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದು ಹೊರಕ್ಕೆ ಬರುತ್ತಿತ್ತು. ಡಾಕ್ಟರು ಅದನ್ನು ನೋಡುತ್ತಿರಲಿಲ್ಲ. ಯಂತ್ರದ ಪರದೆಯ ಮೇಲಿನ ಬೂದುಬಣ್ಣದ ಹೃದಯವನ್ನು ನೋಡುತ್ತಿದ್ದರು. ಎರಡು ಅಡ್ಡಗುರುತು ಇಟ್ಟು ಅಳೆದರು. "ಮೂವತ್ತೈದು. ಹೋದ ಸಲ ಮೂವತ್ತನಾಲ್ಕು. ಪರವಾಗಿಲ್ಲ." ಕಾರ್ಡಿಗೆ ಕೈ ಚಾಚಿ ಓದಿದರು, ಹುಬ್ಬು ಗಂಟಿಕ್ಕಿದರು. "ಇದೇನು? ಒಂಬತ್ತು ಮುನ್ನೂರು? ಹನ್ನೆರಡು ಮುನ್ನೂರು ಇರ್ಬೇಕು. ಜಾಜ್ಜ ಕಣ್ಣಿಗೆ ಕನ್ನಡಕ ಬೇಕು." ಹನ್ನೆರಡು ಎಂದು ಒತ್ತಲು ಬೆರಳು ಕೀಲಿಯ ಮೇಲೆ ಹೋಯಿತು.

ಫಿಲೋಮೆನಾ ಮಂಡಿಯೂರಿದಳು. ಮಗನ ವಯಸ್ಸಿನವನ ಮುಂದೆ ಮಂಡಿಯೂರುವ ರೂಢಿ ಇಲ್ಲ. ಕಾಲು ತಾನಾಗಿ ಬಾಗಿತು.

"ಒಂಬತ್ತೇ ಸ್ವಾಮಿ, ಸ್ಸೆಬೊ. ಒಂಬತ್ತು ಮುನ್ನೂರೇ ಸರಿ. ಹಿಂದಿನವೆಲ್ಲ ಸುಳ್ಳು."

"ಏನು?"

"ನಾನೇ ಬರೆದದ್ದು, ಸುಳ್ಳು. ಮೊದಲ ದಿನ ಒಂಬತ್ತು ನಾನೂರು ಇತ್ತು. ಆಮೇಲೆ ಒಂಬತ್ತು ಆರುನೂರು. ಆಮೇಲೆ ಒಂಬತ್ತೂವರೆ. ಮಗು ಬೆಳೆದೇ ಇಲ್ಲ."

"ಯಾಕೆ?"

ಯಾಕೆ ಎಂಬುದಕ್ಕೆ ಅವಳ ಹತ್ತಿರ ಐವತ್ತೇಳು ವರ್ಷದ ಉತ್ತರವಿತ್ತು. ಬಾಯಿಗೆ ಬಂದದ್ದು ಇಷ್ಟೇ: "ಅವಳನ್ನ ಬೆಂಚಿನ ಮೇಲೆ ಕೂರಿಸ್ತಾರಲ್ಲ, ಅದಕ್ಕೆ."

ಎಷ್ಟು ಚಿಕ್ಕದಾಗಿ ಕೇಳಿಸಿತು ಅದು! ಬಾಗಿಲಲ್ಲಿ ನಿಂತಿದ್ದ ಕೆಂಬಾಬಾಜಿ ಒಂದು ಹೆಜ್ಜೆ ಹಿಂದೆ ಸರಿದದ್ದು ನೆಲದ ಮೇಲಿನ ನೆರಳಿನಿಂದ ಗೊತ್ತಾಯಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು. ಅವರು ಒಂಬತ್ತು, ಚುಕ್ಕೆ, ಮೂರು ಎಂದು ಒತ್ತಿದರು. ಪರದೆಯ ಮೂಲೆಯಲ್ಲಿ ಕಪ್ಪಗಿದ್ದ ಅಂಕಿಯೊಂದು ಕಣ್ಣು ಮಿಟುಕಿಸಿ ಕೆಂಪಾಯಿತು. ಹೃದಯ ಅದೇ. ಅದೇ ಮೂವತ್ತೈದು ಮಿಲಿಮೀಟರ್. ಆಗಲೂ ಈಗಲೂ ಅದು ಬಡಿದುಕೊಳ್ಳುತ್ತಲೇ ಇತ್ತು, ಯಾರ ಬರಹಕ್ಕೂ ಕಾಯದೆ. ಅವರು ಹಿಂದಿನ ಮೂರು ಭೇಟಿಗಳನ್ನೂ ತೆಗೆದು ಒಂದೊಂದಾಗಿ ತಿದ್ದಿದರು. ಕೆಂಪು. ಕೆಂಪು. ಮೊದಲನೆಯದು ಮಾತ್ರ ಕಪ್ಪಾಗಿಯೇ ಉಳಿಯಿತು. ಆಗ ಅವರು ಮೊದಲ ಸಲ ಮಗುವಿನ ಕಡೆ ತಿರುಗಿ, ಅದರ ಪಕ್ಕೆಲುಬಿನ ಮೇಲೆ ಅಂಗೈಯಿಟ್ಟರು. ಬಹಳ ಹೊತ್ತು ಇಟ್ಟುಕೊಂಡರು. "ನಾನೂ ನೋಡ್ಬಹುದಿತ್ತು," ಎಂದರು, ಇಂಗ್ಲಿಷಿನಲ್ಲಿ, ತಮ್ಮಷ್ಟಕ್ಕೆ ತಾವೇ. ಫಿಲೋಮೆನಾ ಕಾನ್ವೆಂಟಿನಲ್ಲಿ ಓದಿದವಳು, ಅವಳಿಗೆ ಅರ್ಥವಾಯಿತು.

"ಎಷ್ಟು ಮಕ್ಕಳಿಗೆ ಹೀಗೆ ಮಾಡಿದೀರಿ, ಜಾಜ್ಜ?"

ಅವಳಿಗೆ ಒಬ್ಬೊಬ್ಬರ ಮುಖವೂ ಗೊತ್ತಿತ್ತು. ದಯೆ ತೋರಿದವರಿಗೆ ಅದು ಮರೆಯುವುದಿಲ್ಲ. "ಹನ್ನೊಂದು," ಎಂದಳು.

"ಹೆಸರು ಬರೆದು ಕೊಡಿ. ಊರು, ತಾಯಿ ಹೆಸರು, ನಿಜವಾದ ತೂಕ ನೆನಪಿದ್ರೆ ಅದೂ. ತಕ್ಕಡಿ ಹತ್ತಿರ ಇನ್ನು ಹೋಗಬೇಡಿ." ಆಮೇಲೆ ನಕಿಯಿಂಗಿಗೆ: "ನೋಡಮ್ಮ, ಇವಳನ್ನ ಇವತ್ತೇ ಕಂಪಾಲಾಗೆ ಕರ್ಕೊಂಡು ಹೋಗ್ತೀನಿ. ವ್ಯಾನಿನಲ್ಲಿ ಜಾಗ ಇದೆ. ತೂತು ಮುಚ್ಚಬೇಕು. ಇನ್ನೂ ಹೊತ್ತು ಮೀರಿಲ್ಲ ಅನ್ಸುತ್ತೆ. ಅನ್ಸುತ್ತೆ ಅಷ್ಟೇ."

ನಕಿಯಿಂಗಿ ಡಾಕ್ಟರ ಮಾತಿಗೆ ತಲೆಯಾಡಿಸಿದಳು. ಮಗುವಿಗೆ ಅಂಗಿ ತೊಡಿಸಿದಳು, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಹೊರಗಿನ ಓಣಿಗೆ ಬಂದ ಮೇಲೆ ನಿಂತಳು. ಈ ಸಲ ಅವಳು ಮಂಡಿಯೂರಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ರು, ಜಾಜ್ಜ?"

"ಮಗಳೇ, ನಿನಗೆ ಅವಮಾನ ಆಗಬಾರದು ಅಂತ..."

"ಅವಮಾನ! ಬೆಂಚಿನ ಮೇಲೆ ಕೂತ್ರೆ ನಾನು ಸತ್ತು ಹೋಗ್ತಿದ್ನಾ? ನಮ್ಮತ್ತೆ ದಿನಾ ಹೇಳೋಳು, ಮಗು ಸೊರಗ್ತಿದೆ ಕಣೇ ಅಂತ. ನಾನು ಕಾರ್ಡು ತೋರಿಸಿ ಜಗಳ ಆಡ್ತಿದ್ದೆ. ಎತ್ಕೊಂಡಾಗ ಕೈಗೆ ಹಗುರ ಅನ್ಸೋದು. ಕಾರ್ಡು ನೋಡಿದ್ರೆ ಜಾಸ್ತಿ ಇರೋದು. ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡೆ. ನನ್ನ ಕಣ್ಣೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ನೀವು ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಫಿಲೋಮೆನಾ ಕೈ ಚಾಚಿದಳು, ಅಭ್ಯಾಸಬಲದಿಂದ ಮಗುವಿನ ಕೆನ್ನೆ ಸವರಲು. ನಕಿಯಿಂಗಿ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. ಅಷ್ಟೇ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮುದುಕಿ ಅದರಿಂದ ತನ್ನ ತಲೆಬಟ್ಟೆಯನ್ನು ಸರಿಮಾಡಿಕೊಂಡಳು.

ಕಾಗದಪತ್ರಗಳ ಕೋಣೆಯಲ್ಲಿ ಅವಳನ್ನು ಕೂರಿಸಿ ಒಂದು ಹಾಳೆ ಕೊಟ್ಟರು. ಮಧ್ಯಾಹ್ನದ ಬಿಸಿಲಿಗೆ ತಗಡಿನ ಮಾಡು ಟಿಕ್ ಟಿಕ್ ಎನ್ನುತ್ತಿತ್ತು. ಮೊದಲ ಹೆಸರು, ಎರಡನೆಯ ಹೆಸರು. ಅಕ್ಷರ ಈಗಲೂ ದುಂಡಾಗಿಯೇ ಬರುತ್ತಿತ್ತು. ಅದರ ಮೇಲೂ ಅವಳಿಗೆ ತಿರಸ್ಕಾರ ಬಂತು. ಹೊರಗಿನಿಂದ ಕೆಂಬಾಬಾಜಿಯ ದನಿ ಕೇಳಿಸುತ್ತಿತ್ತು: ತಕ್ಕಡಿಯ ಹತ್ತಿರ ಈಗ ಅವಳೇ ನಿಂತು ಅಂಕಿಗಳನ್ನು ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು, ಎಂಟೂವರೆ, ಹದಿನಾಲ್ಕು, ಏಳು ಒಂಬೈನೂರು, ಸಂತೆಯಲ್ಲಿ ಈರುಳ್ಳಿ ತೂಗಿದಂತೆ. ತಟ್ಟೆಯ ಮೇಲೆ ಬಟ್ಟೆ ಹಾಸುತ್ತಿದ್ದಾಳೋ ಇಲ್ಲವೋ. ಮಕ್ಕಳು ಅರಚುತ್ತಿದ್ದವು. ನೋಡಿ, ಎಂದು ಫಿಲೋಮೆನಾಳ ಮನಸ್ಸು ಸಣ್ಣದಾಗಿ ಗೆಲುವಿನಿಂದ ಹೇಳಿಕೊಂಡಿತು, ನಾನಿಲ್ಲದಿದ್ದರೆ ಎಲ್ಲ ಹೇಗೆ ಅಳುತ್ತವೆ ನೋಡಿ. ಐದನೆಯ ಹೆಸರಿನ ಹತ್ತಿರ ಪೆನ್ಸಿಲು ನಿಂತಿತು. ಆ ಮಗು ಈಗ ಬದುಕಿದೆಯೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಏಳನೆಯದೂ. ಅವುಗಳ ತಾಯಂದಿರು ಆಮೇಲೆ ಬಂದಿರಲಿಲ್ಲ, ಅವಳೂ ಯಾಕೆಂದು ಕೇಳಿರಲಿಲ್ಲ. ಅವಳಲ್ಲಿ ಇದ್ದದ್ದು ಎದುರಿಗೆ ಕೂತವರ ಮುಖ ಬಾಡದಿರಲಿ ಎಂಬ ಆಸೆ. ಮುಖ ಬಾಗಿಲು ದಾಟಿದ ಮೇಲೆ ಅದು ಯಾರದೋ.

ಹೊರಗೆ ಸದ್ದು ನಿಂತಿತು. ಊಟದ ಹೊತ್ತು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು: ವ್ಯಾನಿನ ಹಿಂದಿನ ಬಾಗಿಲು ತೆರೆದು ಇಬ್ಬರು ಯಂತ್ರವನ್ನು ಅದರ ಹೊದಿಕೆಯ ಸಮೇತ ಏರಿಸುತ್ತಿದ್ದರು. ಡಾಕ್ಟರು ಫೋನಿನಲ್ಲಿ ಕಂಪಾಲಾದ ಯಾರಿಗೋ ಹಾಸಿಗೆ ಬೇಕೇ ಬೇಕೆಂದು ಹೇಳುತ್ತ ಅತ್ತಿಂದಿತ್ತ ನಡೆಯುತ್ತಿದ್ದರು. ನಡುವಿನ ಸೀಟಿನಲ್ಲಿ ನಕಿಯಿಂಗಿ ಕೂತಿದ್ದಳು. ಬದಲು ಬಟ್ಟೆಯಿಲ್ಲ, ಚಾಪೆಯಿಲ್ಲ, ಮನೆಗೆ ಹೇಳಿ ಕಳಿಸಲು ಯಾರೂ ಇಲ್ಲ. ಬೆಳಿಗ್ಗೆ ತೂಕ ನೋಡಿಸಿ ಮಧ್ಯಾಹ್ನಕ್ಕೆ ಹಿಂತಿರುಗಲು ಹೊರಟವಳು ಹೇಗೆ ಬಂದಿದ್ದಳೋ ಹಾಗೇ ಹೊರಟಿದ್ದಳು. ನಸ್ಸಾಲಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಏನಾದರೂ ಕೊಡಬೇಕು ಎಂದು ಫಿಲೋಮೆನಾ ಎದ್ದಳು. ಕೊಡಲು ಹುಡುಕಿದಳು. ಅವಳ ಕೈಯಲ್ಲಿ ಪೆನ್ಸಿಲು ಇತ್ತು.

ಆಗ ಓಣಿಯ ಮೂಲೆಯಿಂದ ಕೆಂಬಾಬಾಜಿ ಬಂದಳು. ಅಂಗಳದಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡಿದಳು. ಕಿಟಕಿಯ ಕಡೆ ನೋಡಲಿಲ್ಲ. ಕೈಚೀಲದ ಪಿನ್ನನ್ನು ತೆಗೆದಳು. ಒಳಗಿನಿಂದ ತನ್ನ ಊಟದ ಡಬ್ಬಿಯನ್ನು ತೆಗೆದು, ಬಟ್ಟೆಯನ್ನು ಬಿಚ್ಚಿ, ಬೇಯಿಸಿದ ಬಾಳೆಕಾಯಿಯ ಮೇಲೆ ಅವರೆಕಾಳು ಚೆಲ್ಲದಂತೆ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ನೋಡಿದಳು. ಇದು ಮೈ ಕಟ್ಟುವ ಆಹಾರ ಎಂದು ಹೇಳಲಿಲ್ಲ. ವ್ಯಾನಿನ ಕಿಟಕಿಯೊಳಗೆ ಡಬ್ಬಿಯನ್ನು ಚಾಚಿದಳು. ನಕಿಯಿಂಗಿ ಮಗುವಿನ ತಲೆಯನ್ನು ಮೊಣಕೈಗೆ ಸರಿಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.